ಒರೆಸಿದ ಎಣ್ಣೆ

ನಿಮ್ಮ ಮನೆಯಂಗಳದಲ್ಲಿ ನಿಲ್ಲುವ ಮೋಟಾರ್ ಸೈಕಲ್ಲಿನ ಮುಂಚಕ್ರದ ಎರಡು ಪಕ್ಕಗಳನ್ನು ಎಂದಾದರೂ ಕುಳಿತು ನೋಡಿದ್ದೀರಾ? ಅಲ್ಲಿ ಹೊಳೆಯುವ ಎರಡು ಉಕ್ಕಿನ ಕೊಳವೆಗಳು ಕೆಳಗಿನ ದಪ್ಪ ಕೊಳವೆಗಳೊಳಗೆ ಇಳಿದು ಏರುತ್ತಿರುತ್ತವೆ. ಮೆಕ್ಯಾನಿಕ್‌ಗಳು ಅದನ್ನು ಫೋರ್ಕ್ ಎನ್ನುತ್ತಾರೆ. ಒಳಗೆ ಒಂದು ಸ್ಪ್ರಿಂಗ್, ಅದರೊಡನೆ ಸ್ವಲ್ಪ ಎಣ್ಣೆ. ರಸ್ತೆಯ ಗುಂಡಿಯ ಪೆಟ್ಟನ್ನು ಸ್ಪ್ರಿಂಗ್ ಹೊರುತ್ತದೆ. ಪೆಟ್ಟು ತಿಂದ ಸ್ಪ್ರಿಂಗ್ ಕುಣಿಯದಂತೆ ಎಣ್ಣೆ ಅದನ್ನು ಸಮಾಧಾನಪಡಿಸುತ್ತದೆ. ಆ ಎಣ್ಣೆ ಹೊರಗೆ ಬಾರದಂತೆ, ಹೊರಗಿನ ಧೂಳು ಒಳಗೆ ಹೋಗದಂತೆ ಕಾವಲು ಕುಳಿತಿರುವುದು ಬಳೆಗಿಂತ ಚಿಕ್ಕದಾದ ಒಂದು ರಬ್ಬರ್ ಉಂಗುರ. ಅದೇ ಸೀಲ್. ಆ ಉಂಗುರದ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಂದು ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದಿದ್ದೇನೆ.

ನನ್ನ ಬಳಿ ಇರುವುದು 1987ರ ಯೆಜ್ಡಿ ರೋಡ್‌ಕಿಂಗ್. ಶಾಲಾ ಶಿಕ್ಷಕರಾಗಿದ್ದ ನಮ್ಮ ತಂದೆಯವರು ಖಾನಾಪುರದಲ್ಲಿ ಅದನ್ನು ಕೊಂಡಾಗ ನಾನಿನ್ನೂ ಗುರುಮಠಕ್ಕೆ ಸೇರಿರಲಿಲ್ಲ. ಹಿರಿಯ ಓದುಗರಿಗೆ ಈ ಗಾಡಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ಇಲ್ಲಿಯೇ ತಯಾರಿಸಲು ಆರಂಭಿಸಿತು. ಮುಂದೆ ಅವೇ ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. ಎರಡು ಸೈಲೆನ್ಸರ್‌ಗಳು, ಕಿಕ್ ಹೊಡೆಯಲೂ ಗೇರ್ ಹಾಕಲೂ ಒಂದೇ ಕಡ್ಡಿ, ಪೆಟ್ರೋಲಿನಲ್ಲಿಯೇ ಬೆರೆಸಬೇಕಾದ ಆಯಿಲ್, ಬೀದಿಯ ತುದಿಯಿಂದಲೇ ಗುರುತು ಸಿಗುವ ಸದ್ದು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಹೊಸ ಗಾಡಿಗಳ ಮೇಲೆ ಮರಳಿ ಬಂದಿವೆಯಾದರೂ, ಹಳೆಯ ಗಾಡಿಯನ್ನು ಉಳಿಸಿಕೊಂಡವರು ಅದನ್ನು ಮನೆಯ ಹಿರಿಯರಂತೆಯೇ ನೋಡಿಕೊಳ್ಳುತ್ತಾರೆ. ತಂದೆಯವರು ತೀರಿಕೊಂಡ ಮೇಲೆ ಗಾಡಿ ನನ್ನೊಡನೆ ಬೆಳಗಾವಿಗೆ ಬಂತು.

ನಮ್ಮ ಕಡೆಯ ಮಳೆ ಮತ್ತು ಮಣ್ಣು ನಿಮಗೆ ಗೊತ್ತೇ ಇದೆ. ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಖಾನಾಪುರದವರೆಗೆ ಮಳೆಗಾಲವೆಂದರೆ ತಿಂಗಳುಗಟ್ಟಲೆ ನೀರು. ಬೇಸಿಗೆಯೆಂದರೆ ಎಲೆಯ ಮೇಲೂ ಕೂರುವ ಕೆಂಪು ಧೂಳು. ಒಂದು ವರ್ಷ ಮಳೆಗಾಲ ಕಳೆದಾಗ ಗಾಡಿಯ ಎಡಗಡೆಯ ಕೊಳವೆಯ ಮೇಲೆ ತೆಳುವಾದ ಎಣ್ಣೆಯ ವರ್ತುಲ ಕಾಣಿಸಿತು. ಸೀಲ್ ಸೋರುತ್ತಿದೆ ಎಂದು ನನಗೆ ಅಂದೇ ತಿಳಿಯಿತು. ಆದರೆ ಬಿಡುವಿರಲಿಲ್ಲ. ಗೋಡೆಯ ಮೊಳೆಗೆ ಒಂದು ಹಳೆಯ ಬಟ್ಟೆಯನ್ನು ತೂಗುಹಾಕಿದೆ. ದಿನವೂ ಬೆಳಿಗ್ಗೆ ಬಲಿಪೂಜೆ ಮುಗಿದ ಮೇಲೆ ಎಣ್ಣೆಯನ್ನು ಒರೆಸುವುದು, ಕೊಳವೆ ಹೊಳೆಯುವುದನ್ನು ಕಂಡು ತೃಪ್ತಿಪಡುವುದು, ಹೊರಡುವುದು. ಹೀಗೆಯೇ ಸುಮಾರು ಒಂದು ವರ್ಷ ಕಳೆಯಿತು. ಗಾಡಿ ಎಷ್ಟು ಚೆನ್ನಾಗಿ ಇಟ್ಟಿದ್ದೀರಿ ಗುರುಗಳೇ ಎಂದು ಜನ ಹೊಗಳುತ್ತಿದ್ದರು. ನಾನು ಬೇಡವೆನ್ನುತ್ತಿರಲಿಲ್ಲ.

ನನ್ನ ಅಕ್ಕ ಖಾನಾಪುರದ ನಮ್ಮ ಹಳೆಯ ಮನೆಯಲ್ಲಿದ್ದಾಳೆ. ಅವಳ ಮಗ ಬೆಳಗಾವಿಯ ಹಾಸ್ಟೆಲ್‌ನಲ್ಲಿದ್ದು ಓದುತ್ತಿದ್ದ. 2023ರ ಸೆಪ್ಟೆಂಬರ್‌ನ ಒಂದು ಶನಿವಾರ ಸಂಜೆ ಬಂದು, "ಮಾಮಾ, ಅಜ್ಜನ ಗಾಡಿ ಕೊಡುತ್ತೀರಾ? ನಾಳೆ ಸಂಜೆ ತಂದುಬಿಡುತ್ತೇನೆ" ಎಂದ. ಕೊಟ್ಟೆ. ಹೆಲ್ಮೆಟ್ ಹಾಕಿಕೊಂಡೇ ಹೋಗಬೇಕೆಂದು ಎರಡು ಸಲ ಹೇಳಿದೆ. ಎಣ್ಣೆಯ ಮಾತನ್ನು ಮಾತ್ರ ಹೇಳಲಿಲ್ಲ. ಇಪ್ಪತ್ತೈದು ಕಿಲೋಮೀಟರಿನ ದಾರಿ, ಏನಾಗುತ್ತದೆ ಎಂದುಕೊಂಡೆ.

ಖಾನಾಪುರ ಇನ್ನು ಸ್ವಲ್ಪ ದೂರವಿರುವಾಗ ರಸ್ತೆಗೆ ಒಂದು ಎಮ್ಮೆಯ ಕರು ಅಡ್ಡ ಬಂತು. ಕೊಳವೆಯಿಂದ ಇಳಿದ ಎಣ್ಣೆ ಕೆಳಗಿನ ಬ್ರೇಕ್ ಡ್ರಮ್ಮಿನೊಳಗೆ ಸೇರಿತ್ತು. ಹುಡುಗ ಮುಂದಿನ ಬ್ರೇಕ್ ಹಿಡಿದಾಗ ಅದು ಜಾರಿತು. ಗಾಬರಿಯಿಂದ ಹಿಂದಿನ ಬ್ರೇಕ್ ತುಳಿದ; ಹಿಂಚಕ್ರ ಅಡ್ಡ ಸರಿದು ಗಾಡಿ ಮಗುಚಿತು. ದೇವರ ದಯೆ, ಹಿಂದಿನಿಂದ ಲಾರಿ ಬರುತ್ತಿರಲಿಲ್ಲ. ಎಡಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಮನೆಯವರೆಲ್ಲರೂ ಕರುವನ್ನು ಬೈದರು. ಅಕ್ಕ ಕರುವಿನ ಮಾಲೀಕರನ್ನು ಬೈದಳು. ನಾನು ಅವಳ ಪಕ್ಕದಲ್ಲಿಯೇ ಕುಳಿತು ಸುಮ್ಮನಿದ್ದೆ.

ಗಾಡಿಯನ್ನು ಖಾನಾಪುರದ ಮನೆಯಂಗಳಕ್ಕೆ ತಂದು ನಿಲ್ಲಿಸಿದ್ದರು. ಮರುವಾರ ನಾನೊಬ್ಬನೇ ಅದನ್ನು ರಿಪೇರಿ ಮಾಡಲು ಕುಳಿತೆ. ತಂದೆಯವರಿಗೆ ಸಹಾಯ ಮಾಡಿದ ಅನುಭವವಿತ್ತು. ಎಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂಭಾಗವನ್ನು ಎತ್ತಿದೆ. ಬ್ರೇಕ್ ಕೇಬಲ್, ಚಕ್ರ, ಮಡ್‌ಗಾರ್ಡ್ ಬಿಚ್ಚಿದೆ. ಎಣ್ಣೆಯನ್ನು ಒಂದು ತಟ್ಟೆಗೆ ಇಳಿಸಿದಾಗ ಎಡಗಾಲಿನಿಂದ ಬಂದದ್ದು ಬಲಗಾಲಿನ ಅರ್ಧಕ್ಕಿಂತಲೂ ಕಡಿಮೆ. ಮಳೆಯ ನೀರು ಬೆರೆತು ಬೂದಿಬಣ್ಣಕ್ಕೆ ತಿರುಗಿತ್ತು. ಹಳೆಯ ಸೀಲ್‌ಗಳನ್ನು ಕಿತ್ತು ಹೊಸವನ್ನು ಕೂರಿಸಿದೆ, ಹೊಸ ಎಣ್ಣೆ ಹಾಕಿದೆ. ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು ತೊಳೆದರೆ ನಂಬಿಕೆಗೆ ಅರ್ಹವಾಗುವುದಿಲ್ಲವೆಂದು ತಿಳಿದು ಅವನ್ನೂ ಬದಲಿಸಿದೆ. ಕತ್ತಲಾಗುವ ಮೊದಲು ಕೆಲಸ ಮುಗಿಸಬೇಕೆಂಬ ಆತುರ. ನಿಜ ಹೇಳಬೇಕೆಂದರೆ, ಗಾಡಿಗಿಂತ ಹೆಚ್ಚಾಗಿ ನನ್ನ ಮನಸ್ಸಿನಿಂದ ಆ ಕೆಲಸವನ್ನು ಇಳಿಸಿಬಿಡುವ ಆತುರ. ಗಾಡಿಯನ್ನು ಓಡಿಸಿಕೊಂಡು ಬೆಳಗಾವಿಗೆ ಹಿಂದಿರುಗಿದೆ.

ಮೂರು ವಾರಗಳಲ್ಲಿ ಅದೇ ಕೊಳವೆಯ ಮೇಲೆ ಅದೇ ವರ್ತುಲ ಮತ್ತೆ ಕಾಣಿಸಿತು.

ಬೆಳಗಾವಿಯಿಂದ ಖಾನಾಪುರದ ರಸ್ತೆಯಲ್ಲಿಯೇ ಇರುವ ಉದ್ಯಮಬಾಗ್ ಕೈಗಾರಿಕಾ ಪ್ರದೇಶ ನಿಮಗೆ ಗೊತ್ತು. ಎರಕದ ಕೆಲಸಕ್ಕೂ ಹೈಡ್ರಾಲಿಕ್ ಯಂತ್ರಭಾಗಗಳಿಗೂ ನಮ್ಮ ಊರು ಹೆಸರಾಗಿದೆ. ಎಣ್ಣೆಯನ್ನು ಒತ್ತಡದಲ್ಲಿ ಹಿಡಿದಿಡುವುದೇ ಅಲ್ಲಿ ಎಷ್ಟೋ ಜನರ ದಿನನಿತ್ಯದ ಕಸುಬು. ಅಲ್ಲಿ ಲೇಥ್ ಕೆಲಸ ಮಾಡಿ ನಿವೃತ್ತರಾದ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರನ್ನು ಕರೆತಂದೆ. ಅವರು ಸೀಲನ್ನು ನೋಡಲೇ ಇಲ್ಲ. ಒಂದು ಹಿಡಿ ಹತ್ತಿಯನ್ನು ಕೇಳಿ ಪಡೆದು ಕೊಳವೆಯ ಉದ್ದಕ್ಕೂ ಮೆಲ್ಲಗೆ ಎಳೆದರು. ಒಂದೆಡೆ ಹತ್ತಿಯ ಎಳೆಗಳು ಸಿಕ್ಕಿಕೊಂಡು ನಿಂತವು. ಅಲ್ಲಿ ಉಗುರಿಟ್ಟು ನೋಡಿ ಎಂದರು. ಕಣ್ಣಿಗೆ ಸಾಸಿವೆಯಷ್ಟೂ ಕಾಣದ ತುಕ್ಕಿನ ಗುಳಿಗಳು ಉಗುರಿಗೆ ತಾಗಿದವು. ಧೂಳು ತಡೆಯಲೆಂದು ಹಾಕಿದ್ದ ರಬ್ಬರ್ ಕವಚದೊಳಗೆ ಮಳೆಯ ತೇವ ನಿಂತು ಕ್ರೋಮ್ ಲೇಪವನ್ನು ತಿಂದಿತ್ತು. ಗಾಡಿ ಒಂದೊಂದು ಗುಂಡಿ ದಾಟುವಾಗಲೂ ಆ ಗುಳಿಗಳ ಅಂಚು ಸೀಲಿನ ತುಟಿಯನ್ನು ಕೊಯ್ಯುತ್ತಿತ್ತು.

"ಗುರುಗಳೇ, ನೀವು ಗಾಯವಾದವನನ್ನು ಬದಲಿಸಿದ್ದೀರಿ. ಗಾಯ ಮಾಡಿದವನನ್ನು ಹಾಗೆಯೇ ಬಿಟ್ಟಿದ್ದೀರಿ" ಎಂದರು ಅವರು. ಸೀಲಿನ ಬಗ್ಗೆಯೇ ಅವರು ಹೇಳಿದ್ದು. ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಪಾಪನಿವೇದನೆಗೆ ಬರುವವರಿಗೆ ನಾನು ಎಷ್ಟೋ ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ: ತಪ್ಪಿನ ಪರಿಣಾಮವನ್ನು ಸರಿಪಡಿಸಿದರೆ ಸಾಲದು, ಅದರ ಬೇರನ್ನು ಹುಡುಕಬೇಕು ಎಂದು. ನನ್ನ ವಿಷಯದಲ್ಲಿ ಬೇರು ಯಾವುದು? ಬಿಡುವಿಲ್ಲದಿರುವುದಲ್ಲ. ಒರೆಸುವ ಅಭ್ಯಾಸ. ಸೋರುವುದನ್ನು ನಿಲ್ಲಿಸುವ ಬದಲು, ಸೋರಿದ್ದು ಕಾಣದಂತೆ ಮಾಡುವುದು. ಹುಡುಗನ ಕೈ ಮುರಿದ ಮೇಲೂ ಅಕ್ಕನ ಮುಂದೆ ನಾನು ಮಾಡಿದ್ದು ಅದನ್ನೇ.

ಎರಡನೆಯ ಸಲ ಕೆಲಸಕ್ಕೆ ಅವಸರ ಮಾಡಲಿಲ್ಲ. ಸಣ್ಣ ಗೀರಾಗಿದ್ದರೆ ನೀರಿನ ಎಮರಿ ಕಾಗದದಿಂದ ತಿಕ್ಕಿ ನಯಮಾಡಬಹುದಿತ್ತು, ಇವು ಆಳವಾಗಿದ್ದವು. ಆ ಹಿರಿಯರ ಪರಿಚಯದ ಕಾರ್ಯಾಗಾರದಲ್ಲಿ ಕೊಳವೆಗಳಿಗೆ ಹೊಸದಾಗಿ ಗಟ್ಟಿ ಕ್ರೋಮ್ ಹಾಕಿಸಿ, ಅಳತೆಗೆ ಸರಿಯಾಗಿ ಉಜ್ಜಿಸಿದೆವು. ಅಷ್ಟರಲ್ಲಿ ಹುಡುಗನ ಪ್ಲಾಸ್ಟರ್ ಬಿಚ್ಚಿದ್ದರು. ಗುರುನಿವಾಸದ ಹಿಂದಿನ ಶೆಡ್ಡಿಗೆ ಅವನನ್ನೂ ಕರೆದೆ. ಸೀಲಿನ ಒಳಗಡೆ ಸುತ್ತಿರುವ ಸಣ್ಣ ಸ್ಪ್ರಿಂಗ್ ಎಣ್ಣೆಯ ಕಡೆಗೆ ಮುಖ ಮಾಡಬೇಕೆಂದು ಅವನಿಗೆ ತೋರಿಸಿದೆ. ಕೊಳವೆಯ ಅಂಚು ಸೀಲಿನ ತುಟಿಯನ್ನು ಸೀಳದಂತೆ ಪ್ಲಾಸ್ಟಿಕ್ ಸುತ್ತಿ, ಎಣ್ಣೆ ಸವರಿ ಇಳಿಸಿದೆವು. ಸುತ್ತಿಗೆಯಿಂದ ಒಂದೇ ಕಡೆ ಹೊಡೆಯದೆ, ಹಳೆಯ ಸೀಲನ್ನು ಮೇಲಿಟ್ಟು ಸಮನಾಗಿ ಒತ್ತಿ ಕೂರಿಸಿದೆವು. ಕೈಪಿಡಿ ಹೇಳುವಷ್ಟೇ ಎಣ್ಣೆಯನ್ನು ಅಳೆದು ಎರಡೂ ಕಾಲುಗಳಿಗೆ ಸಮನಾಗಿ ಹಾಕಿದೆವು. ಮತ್ತೆ ಎಣ್ಣೆ ತಾಗಿದ್ದ ಬ್ರೇಕ್ ಶೂಗಳೂ ಹೊಸವಾದವು.

ಕೆಲಸದ ನಡುವೆಯೇ ಅವನಿಗೆ ಹೇಳಿದೆ: "ಎಣ್ಣೆ ಸೋರುವುದು ನನಗೆ ಒಂದು ವರ್ಷದಿಂದ ಗೊತ್ತಿತ್ತು. ಕೀಲಿ ಕೊಡುವಾಗಲೂ ಗೊತ್ತಿತ್ತು." ಅವನು ನಟ್ಟು ತಿರುಗಿಸುತ್ತಿದ್ದವನು ತಲೆಯೆತ್ತಲಿಲ್ಲ. "ಗೊತ್ತು ಮಾಮಾ. ಗೋಡೆಯ ಮೇಲಿನ ಬಟ್ಟೆ ನೋಡಿದ್ದೆ" ಎಂದ. ಅಷ್ಟು ದಿನ ಅವನು ನನ್ನನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಅಕ್ಕನಿಗೆ ಹೇಳುವುದು ಅಷ್ಟು ಸುಲಭವಾಗಲಿಲ್ಲ. ಗಾಡಿಯನ್ನು ನಾನೇ ನಿಧಾನವಾಗಿ ಓಡಿಸಿಕೊಂಡು ಖಾನಾಪುರಕ್ಕೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಅವಳು ಬೈಯಲಿಲ್ಲ. ಊಟ ಬಡಿಸಿದಳು. ಆಮೇಲೆ ಎರಡು ವಾರ ನನ್ನ ಫೋನ್ ಎತ್ತಲಿಲ್ಲ. ಅದನ್ನು ನನಗೆ ಸಲ್ಲಬೇಕಾದ ಪ್ರಾಯಶ್ಚಿತ್ತವೆಂದೇ ಸ್ವೀಕರಿಸಿದೆ. ಮೂರನೆಯ ವಾರ ಅವಳೇ ಫೋನ್ ಮಾಡಿ, "ಗಾಡಿ ಈಗ ಸೋರುತ್ತಿಲ್ಲ ತಾನೆ?" ಎಂದು ಕೇಳಿದಳು.

ಓದುಗರೇ, ನಿಮ್ಮ ಮನೆಯ ಮಕ್ಕಳು ಗಾಡಿ ಓಡಿಸುತ್ತಿದ್ದರೆ ಒಂದು ಕೆಲಸ ಮಾಡಿ. ಮುಂದಿನ ಕೊಳವೆಗಳನ್ನು ಒಣಬಟ್ಟೆಯಿಂದ ಒರೆಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ನಾಲ್ಕೈದು ಸಲ ಕೆಳಗೆ ಒತ್ತಿ ನೋಡಿ. ಎಣ್ಣೆಯ ವರ್ತುಲ ಕಾಣಿಸಿದರೆ ನಾಳೆಗೆ ದೂಡಬೇಡಿ. ಎಣ್ಣೆ ಬ್ರೇಕಿನವರೆಗೆ ಇಳಿದಿದ್ದರೆ ಆ ಗಾಡಿಯನ್ನು ಯಾರ ಕೈಗೂ ಕೊಡಬೇಡಿ.

ಗೋಡೆಯ ಮೊಳೆಯಲ್ಲಿ ಈಗಲೂ ಒಂದು ಬಟ್ಟೆ ಇದೆ, ಬಿಳಿಯ ಬಟ್ಟೆ. ಬೆಳಿಗ್ಗೆ ಈಗಲೂ ಕೊಳವೆಯನ್ನು ಒರೆಸುತ್ತೇನೆ. ಒರೆಸಿದ ಮೇಲೆ ಕೊಳವೆಯನ್ನು ನೋಡುವುದಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ.