ಆರೈಕೆಯ ವರ್ಷಗಳ ಲೆಕ್ಕ

ಹಿರಿಯರ ಸೇವೆಯನ್ನು ನಾವು ಕಾಯಕವೆಂದೇ ಭಾವಿಸಿದವರು. ಆ ಕಾಯಕವನ್ನು ಹೊರುವವಳು ಬಹುಮಟ್ಟಿಗೆ ಮನೆಯ ಸೊಸೆ. ನಾಳೆ ಆಕೆಯ ಮುಪ್ಪಿಗೆ ಆಸರೆಯೇನೆಂಬುದನ್ನು ಮಾತ್ರ ವಿಚಾರಿಸುವವರು ವಿರಳ.

ಕಾಗದಪತ್ರಗಳನ್ನು ಓದಿಸಿಕೊಳ್ಳಲು ತುಮಕೂರಿನ ನಮ್ಮ ಮನೆಗೆ ಪರಿಚಿತರು ಬರುವುದುಂಟು. ಗುಬ್ಬಿಯಿಂದ ಕುಣಿಗಲ್ ಕಡೆಯ ಹಳ್ಳಿಗೆ ಸೊಸೆಯಾಗಿ ಹೋದ ತಾಯಿಯೊಬ್ಬರು, 58 ವರ್ಷ ತುಂಬಿದ ಮೇಲೆ, ಹೀಗೆಯೇ ಬಂದರು. "ಆರು ವರ್ಷ ಗಾರ್ಮೆಂಟ್ಸಿನಲ್ಲಿ ಹೊಲಿದೆ, ನಾಲ್ಕು ವರ್ಷ ಲಕ್ವ ಹೊಡೆದ ಮಾವನವರನ್ನು ನೋಡಿಕೊಂಡೆ, ಮತ್ತೆ ಐದು ವರ್ಷ ಹೊಲಿದೆ. ಹದಿನೈದಾಯಿತಲ್ಲ ಮೇಷ್ಟ್ರೇ?" ಎಂದರು. ಕಡತದಲ್ಲಿ ಉಳಿದಿದ್ದುದು ಐದೇ ವರ್ಷ.

1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ ಮಾಸಾಶನಕ್ಕೆ ಕನಿಷ್ಠ 10 ವರ್ಷಗಳ ಸೇವೆ ಅಗತ್ಯ. ಆರೈಕೆಯ ವರ್ಷಗಳು ಅದಕ್ಕೆ ಸೇರುವುದಿಲ್ಲ. ಆದರೆ ಮೊದಲಿನ ಆರು ವರ್ಷಗಳು ಹೋದದ್ದು ಆರೈಕೆಯಿಂದಲ್ಲ. ಕೆಲಸ ಬಿಟ್ಟಾಗ ಆಸ್ಪತ್ರೆಯ ಖರ್ಚಿಗೆಂದು ಭವಿಷ್ಯನಿಧಿಯೊಡನೆ ಪಿಂಚಣಿ ಭಾಗದ ಹಣವನ್ನೂ ಹಿಂತೆಗೆದದ್ದರಿಂದ. ಹಾಗೆ ತೆಗೆದೊಡನೆ ಆ ಸೇವೆ ಲೆಕ್ಕದಿಂದ ಅಳಿದುಹೋಗುತ್ತದೆ. ಅದೇ 10ಸಿ ನಮೂನೆಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿದ್ದರೆ ಆರಕ್ಕೆ ಐದು ಕೂಡಿ ಹನ್ನೊಂದಾಗುತ್ತಿತ್ತು. ಬದುಕಿರುವವರೆಗೂ ಮಾಸಾಶನ ಬರುತ್ತಿತ್ತು. ಈಗ ದೊರೆಯುವುದು ಒಮ್ಮೆ ಕೈಸೇರಿ ಮುಗಿದುಹೋಗುವ ಅಲ್ಪ ಮೊತ್ತ. ಇದನ್ನು ತಿಳಿಸಿದಾಗ ಆಕೆ ಮರುಮಾತಾಡದೆ ಕಾಗದಗಳನ್ನು ಮಡಿಸಿಕೊಂಡರು.

ಬ್ರಿಟನ್ನಿನಲ್ಲಿ ಮಕ್ಕಳನ್ನು, ಅಶಕ್ತರನ್ನು ನೋಡಿಕೊಂಡ ವರ್ಷಗಳಿಂದ ಸರ್ಕಾರಿ ಪಿಂಚಣಿಗೆ ಕುಂದಾಗದಂತೆ 1978ರಲ್ಲಿಯೇ ಏರ್ಪಾಡಾಯಿತು. ಆರೈಕೆಯೂ ದುಡಿಮೆಯೆಂದು ಕಾನೂನೇ ಒಪ್ಪಿದ ಬಗೆ ಅದು. ನಮ್ಮ ಯೋಜನೆಯಲ್ಲಿ ಅಂತಹ ಏರ್ಪಾಡಿಲ್ಲವಾಗಿ ಆ ಹೊಣೆ ಮನೆಯವರದೇ ಆಗುತ್ತದೆ.

ಈ ತಾಯಿ ಮನೆಯಲ್ಲಿ ನಿಂತ ನಾಲ್ಕು ವರ್ಷವೂ ಆಕೆಯ ಪತಿ, ಮೈದುನರ ನೌಕರಿ ನಿಲ್ಲಲಿಲ್ಲ. ಅವರ ಸೇವಾವಧಿ ಬೆಳೆಯುತ್ತಲೇ ಹೋಯಿತು. ಆ ಬೆಳವಣಿಗೆಯಲ್ಲಿ ಆಕೆಯ ಪಾಲೂ ಇದೆಯಲ್ಲವೇ?

ಆದುದರಿಂದ ಮನೆಯ ಹೆಣ್ಣುಮಗಳು ಹಿರಿಯರಿಗಾಗಿ ಕೆಲಸ ಬಿಡುವ ದಿನ ಎಲ್ಲರೂ ಕುಳಿತು ಆ ನಮೂನೆಯನ್ನು ಓದಬೇಕು. ಚಿಕಿತ್ಸೆಯ ಖರ್ಚನ್ನು ದುಡಿಯುವ ಮಕ್ಕಳು ಹಂಚಿಕೊಂಡು, ಆಕೆಯ ಪಿಂಚಣಿಯ ಭಾಗವನ್ನು ಮುಟ್ಟದೆ ಉಳಿಸಬೇಕು. ಆರೈಕೆಯ ಕಾಲದಲ್ಲಿ ತಿಂಗಳಿಗಿಷ್ಟೆಂದು ಆಕೆಯ ಹೆಸರಿನಲ್ಲಿಯೇ ಬ್ಯಾಂಕಿಗೆ ಕಟ್ಟಬೇಕು. ಇದು ಉಪಕಾರವಲ್ಲ, ಆಕೆಗೆ ಸಲ್ಲಬೇಕಾದ ಬಾಕಿ.