ಕಾರಿನ ಬಣ್ಣಕ್ಕೆ ಯಾವ ಕೋಟಿಂಗ್? ಅಪ್ಪನಿಗೆ ನಾನು ಹೇಳಿದ ತಪ್ಪು ಉತ್ತರ

(1/4)

ಫೋಟೋದಲ್ಲಿ ಬಾನೆಟ್ ಮೇಲಿರೋ ಆ ಮಸುಕು ಕಲೆ ಜೂಮ್ ಮಾಡಿ ನೋಡಿ. ನಾಲ್ಕಾಣೆ ನಾಣ್ಯದಷ್ಟು ಅಗಲ. ಅದಕ್ಕೆ ಅರ್ಧ ಕಾರಣ ಒಂದು ಹಕ್ಕಿ, ಇನ್ನರ್ಧ ನಾನು.

ನಮ್ಮನೆಗೆ ಇದು ಮೊದಲ ಹೊಸ ಕಾರು. ಇಷ್ಟು ವರ್ಷ ಇದ್ದದ್ದು ಹಳೇ ಜೀಪು, ಅದರ ಬಣ್ಣದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 2024ರಲ್ಲಿ ರೊಬಸ್ಟಾ ರೇಟು ಹಿಂದೆಂದೂ ಇಲ್ಲದಷ್ಟು ಏರಿತಲ್ಲ, ಅದಾದಮೇಲೆ ಅಪ್ಪ ಧೈರ್ಯ ಮಾಡಿ ಬುಕ್ ಮಾಡಿದ್ರು. ಫೆಬ್ರವರಿಯಲ್ಲಿ ಕಾರು ಬಂತು. ಕಡು ನೀಲಿ. ಮೊದಲು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಹತ್ತಿರ ಹೋಗಿ ಪೂಜೆ ಮಾಡಿಸಿಕೊಂಡು ಬಂದ್ವಿ.

ಆಮೇಲೆ ಶುರುವಾಯ್ತು ಪ್ರಶ್ನೆ. ಟೆಫ್ಲಾನ್ ಹಾಕಿಸ್ಬೇಕಾ, ಸೆರಾಮಿಕ್ಕಾ, ಪಿಪಿಎಫ್ಫಾ? ಅಪ್ಪ ಹೇಳಿದ್ದು ಒಂದೇ ಮಾತು: "ನೀನು ಕಾಮರ್ಸ್ ಓದ್ತಿದ್ದೀಯ, ಯಾವುದು ಲಾಭ ಅಂತ ನೀನೇ ನೋಡಿ ಹೇಳು."

ನಾನು ನೋಡಿದೆ. ಏನು ನೋಡಿದೆ? ರೀಲ್ಸ್. ಬಾನೆಟ್ ಮೇಲೆ ನೀರು ಸುರಿದ್ರೆ ಕೆಸುವಿನೆಲೆ ಮೇಲಿನ ಹನಿ ಥರ ಜಾರಿ ಹೋಗುತ್ತಲ್ಲ, ಅಂಥವು ಒಂದು ನೂರಾದ್ರೂ ನೋಡಿರಬಹುದು. ಅಂಗಡಿಯವರು ಹೇಳಿದ ರೇಟು ಹೀಗಿತ್ತು: ಟೆಫ್ಲಾನ್ 5,000, ಸೆರಾಮಿಕ್ 24,000, ಇಡೀ ಕಾರಿಗೆ ಪಿಪಿಎಫ್ 1,10,000. ಮಧ್ಯದ್ದೇ ಸರಿ ಅನ್ನಿಸ್ತು. ಅಂಗಡಿಯವರು ಹೇಳಿದ್ದನ್ನೇ ಅಪ್ಪನಿಗೆ ಒಪ್ಪಿಸಿದೆ: "ಸೆರಾಮಿಕ್ ಹಾಕಿಸಿದ್ರೆ ಐದು ವರ್ಷ ಏನೂ ಆಗಲ್ಲಪ್ಪ."

ಅಪ್ಪ ಮರುಮಾತಾಡದೆ ದುಡ್ಡು ಕೊಟ್ರು.

(2/4)

ಕೋಟಿಂಗ್ ಆದಮೇಲೆ ಅಪ್ಪ ಕಾರು ತೊಳೆಯೋದನ್ನೇ ಕಡಿಮೆ ಮಾಡಿದ್ರು. ಅವರ ತಪ್ಪಲ್ಲ, ಏನೂ ಆಗಲ್ಲ ಅಂತ ನಾನೇ ಹೇಳಿದ್ದೆನಲ್ಲ! ನೆರಳು ಅಂತ ಹಲಸಿನ ಮರದಡಿ ನಿಲ್ಲಿಸ್ತಿದ್ರು.

ಮಾರ್ಚ್‌ನಲ್ಲಿ ಕಾಫಿ ಹೂವು ಅರಳ್ತು. ಹೂವಿನ ಜೊತೆ ಹೆಜ್ಜೇನು ಬಂತು. ಕಾರಿನ ತುಂಬ ಹಳದಿ ಚುಕ್ಕಿ! ಅದು ಜೇನುಹುಳಗಳ ಹಿಕ್ಕೆ. ಇದರ ಬಗ್ಗೆ ಒಂದು ಮಜದ ವಿಷಯ ಇದೆ. 1980ರ ದಶಕದಲ್ಲಿ ಲಾವೋಸ್, ಕಾಂಬೋಡಿಯಾ ಕಡೆ 'ಹಳದಿ ಮಳೆ' ಬೀಳ್ತಿದೆ, ಅದು ಸೋವಿಯತ್ ಕಡೆಯ ವಿಷಾಸ್ತ್ರ ಅಂತ ಅಮೆರಿಕ ಆರೋಪ ಮಾಡಿತ್ತು. ಮ್ಯಾಥ್ಯೂ ಮೆಸೆಲ್ಸನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಪರೀಕ್ಷೆ ಮಾಡಿ, ಇದು ಜೇನುಹುಳದ ಹಿಕ್ಕೆ ಅಂದ್ರು. ಅದೇ ಹಳದಿ ಮಳೆ ನಮ್ಮ ಕಾರಿನ ಮೇಲೂ ಬಿತ್ತು, ಅಷ್ಟೇ.

ಅದು ತೊಳೆದ್ರೆ ಹೋಯ್ತು. ಹಲಸಿನ ಅಂಟನ್ನು ಅಮ್ಮ ತೆಂಗಿನೆಣ್ಣೆ ಹಚ್ಚಿ ತೆಗೆದ್ರು. ಆದ್ರೆ ಏಪ್ರಿಲ್‌ನಲ್ಲಿ ನಾವೆಲ್ಲ ಒಂದು ಮದುವೆಗೆ ಬಸ್ಸಲ್ಲಿ ಹೋಗಿದ್ವಿ. ನಾಲ್ಕು ದಿನ ಕಾರು ನಿಂತಲ್ಲೇ ನಿಂತಿತ್ತು. ಹಕ್ಕಿ ಹಿಕ್ಕೆ ಬಾನೆಟ್ ಮೇಲೆ ಬಿಸಿಲಿಗೆ ಒಣಗಿ ಕೂತಿತ್ತು. ಒರೆಸಿದ್ರೆ ಹಿಕ್ಕೆ ಹೋಯ್ತು, ಕಲೆ ಹೋಗ್ಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. "ವಾರಂಟಿ ಕಾರ್ಡ್ ಹಿಂದೆ ಓದಿ" ಅಂದ್ರು. ಆವತ್ತೇ ಮೊದಲ ಸಲ ಓದಿದ್ದು. ಹಕ್ಕಿ ಹಿಕ್ಕೆ, ಮರದ ಅಂಟು, ಕಲ್ಲೇಟು, ಗಡಸು ನೀರಿನ ಕಲೆ, ಯಾವುದಕ್ಕೂ ವಾರಂಟಿ ಇಲ್ಲ. ಜೊತೆಗೆ ವರ್ಷಕ್ಕೊಮ್ಮೆ 2,500 ಕೊಟ್ಟು ಅವರ ಹತ್ರವೇ ಸರ್ವಿಸ್ ಮಾಡಿಸ್ಬೇಕು, ಇಲ್ಲದಿದ್ರೆ ಉಳಿದದ್ದೂ ಇಲ್ಲ.

ಅಪ್ಪ ಬೈದಿದ್ರೆ ಪರವಾಗಿರ್ಲಿಲ್ಲ. ಕಲೆ ಮೇಲೆ ಬೆರಳು ಆಡಿಸಿ, "ಐದು ವರ್ಷ ಏನೂ ಆಗಲ್ಲ ಅಂದಿದ್ಯಲ್ಲ" ಅಂದ್ರು. ಅಷ್ಟೇ. ಆ ರಾತ್ರಿ ನಾನು ರೀಲ್ಸ್ ಬಿಟ್ಟು ಓದೋಕೆ ಕೂತೆ.

(3/4)

ಓದಿದ್ದು ಇಲ್ಲಿದೆ, ಸೇವ್ ಮಾಡಿಟ್ಕೊಳ್ಳಿ.

ಮೊದಲು ಬಣ್ಣ ಅಂದ್ರೇನು? ತಗಡಿನ ಮೇಲೆ ತುಕ್ಕು ತಡೆಯೋ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100 ಮೈಕ್ರಾನ್ ಆಸುಪಾಸು. ಕ್ಲಿಯರ್ ಕೋಟ್ ಒಂದೇ ಸುಮಾರು 40-50 ಮೈಕ್ರಾನ್, ಅಂದ್ರೆ ನಿಮ್ಮ ಒಂದು ತಲೆಕೂದಲಿಗಿಂತ ತೆಳು. ಹೊಳಪು ಇರೋದು ಅದರಲ್ಲೇ. ಪಾಲಿಶ್ ಅಂದ್ರೆ ಇದನ್ನೇ ಚೂರು ಉಜ್ಜಿ ತೆಗೆಯೋದು. ಹಾಗಾಗಿ ಪದೇ ಪದೇ ಪಾಲಿಶ್ ಮಾಡಿಸೋದು ಒಳ್ಳೇದಲ್ಲ.

ವ್ಯಾಕ್ಸ್: ಒಳ್ಳೆಯದರಲ್ಲಿ ಕಾರ್ನೌಬಾ ಇರುತ್ತೆ, ಬ್ರೆಜಿಲ್‌ನ ಒಂದು ತಾಳೆ ಜಾತಿ ಮರದ ಎಲೆಯಿಂದ ಬರೋದು. ಹೊಳಪು ಚೆಂದ, ಆದ್ರೆ ಬಾಳಿಕೆ ವಾರಗಳ ಲೆಕ್ಕ. ಸೀಲೆಂಟ್ ಅದರ ರಾಸಾಯನಿಕ ತಮ್ಮ, ಕೆಲವು ತಿಂಗಳು ಬರುತ್ತೆ.

ಟೆಫ್ಲಾನ್: ದೋಸೆ ಕಾವಲಿಗೆ ಬಳಸೋ ವಸ್ತು. ಅದು ಕರಗೋದೇ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾವಲಿಗೆ ಭಾರೀ ಬಿಸಿ ಕೊಟ್ಟು ಅಂಟಿಸ್ತಾರೆ. ಕಾರಿನ ಬಣ್ಣಕ್ಕೆ ಅಷ್ಟು ಬಿಸಿ ಕೊಡೋಕಾಗುತ್ತಾ? ಹೆಸರಿಗೆ ಮಾತ್ರ ದುಡ್ಡು ಕೊಡ್ಬೇಡಿ.

ಸೆರಾಮಿಕ್: ಸಿಲಿಕಾ ಆಧಾರದ ದ್ರವ, ಒಣಗಿ ಗಟ್ಟಿಯಾಗುತ್ತೆ. ದಪ್ಪ ಒಂದೆರಡು ಮೈಕ್ರಾನ್ ಅಷ್ಟೇ. ನೀರು ನಿಲ್ಲಲ್ಲ, ಕೆಸರು ಸುಲಭವಾಗಿ ಬಿಡುತ್ತೆ, ತೊಳೆಯೋ ಕೆಲಸ ಅರ್ಧವಾಗುತ್ತೆ. ಹಿಕ್ಕೆಯ ಆಮ್ಲವನ್ನು ಸ್ವಲ್ಪ ಹೊತ್ತು ತಡೆಯುತ್ತೆ, ದಿನಗಟ್ಟಲೆ ಅಲ್ಲ. ಕಲ್ಲೇಟಿಗೆ ಏನೂ ಮಾಡಲ್ಲ. '9ಎಚ್ ಗಡಸು' ಅಂತಾರಲ್ಲ, ಅದು ಪೆನ್ಸಿಲ್ ಪರೀಕ್ಷೆ. 9ಎಚ್ ಪೆನ್ಸಿಲ್‌ನಿಂದ ಗೀರಿದ್ರೆ ಗೀರು ಬೀಳಲ್ಲ ಅಂತ ಅರ್ಥ. ರಸ್ತೆ ಧೂಳಲ್ಲಿರೋ ಬೆಣಚುಕಲ್ಲಿನ ಪುಡಿ ಪೆನ್ಸಿಲ್‌ಗಿಂತ ಎಷ್ಟೋ ಗಡಸು.

ಪಿಪಿಎಫ್: ಪಾಲಿಯುರೆಥೇನ್ ಫಿಲ್ಮ್, 150-200 ಮೈಕ್ರಾನ್ ದಪ್ಪ. ಕಲ್ಲೇಟು ತಡೆಯೋದು ಇದೊಂದೇ. ಒಳ್ಳೆ ಫಿಲ್ಮ್ ಮೇಲಿನ ಸಣ್ಣ ಗೀರು ಬಿಸಿಲಿಗೋ ಬಿಸಿನೀರಿಗೋ ತಾನಾಗೇ ಮಾಯ. ಇದರ ಮೂಲ ವಿಯೆಟ್ನಾಂ ಯುದ್ಧದ ಕಾಲದ ಹೆಲಿಕಾಪ್ಟರ್ ರೆಕ್ಕೆಗಳನ್ನು ಕಾಪಾಡೋ ಫಿಲ್ಮ್.

ಇವು ಯಾವುವೂ ಕಾರಿನ ಅಡಿಭಾಗದ ತುಕ್ಕು ತಡೆಯಲ್ಲ. ನಮ್ಮ ಮಳೆಗೆ ಅದೇ ದೊಡ್ಡ ಶತ್ರು.

(4/4)

ಈಗ ಲೆಕ್ಕ. 24,000 ಜೊತೆಗೆ ನಾಲ್ಕು ಸರ್ವಿಸ್‌ಗೆ 10,000, ಒಟ್ಟು 34,000. ಐದು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ 6,800. ತೊಳೆಯೋ ಶ್ರಮ ಉಳಿಯೋಕೆ ಇಷ್ಟು ಕೊಡ್ತೀನಿ ಅಂತ ಗೊತ್ತಿದ್ದೇ ಕೊಟ್ರೆ ತಪ್ಪಿಲ್ಲ. ನಾನು 'ಏನೂ ಆಗಲ್ಲ' ಅನ್ನೋದಕ್ಕೆ ಕೊಡಿಸಿದೆ. ಅಂಥ ವಸ್ತು ಯಾವ ಅಂಗಡಿಯಲ್ಲೂ ಸಿಗಲ್ಲ.

ಹಾಗಾಗಿ 'ಯಾವುದು ಬೆಸ್ಟ್?' ಅಂತ ಕೇಳ್ಬೇಡಿ. 'ನನ್ನ ಕಾರಿಗೆ ಪೆಟ್ಟು ಎಲ್ಲಿಂದ ಬರುತ್ತೆ?' ಅಂತ ಕೇಳಿ.

ಮರದಡಿ ನಿಲ್ಲೋ ಕಾರಾ? ಮೊದಲು ಜಾಗ ಬದಲಿಸಿ, ಅದಕ್ಕೆ ಖರ್ಚಿಲ್ಲ. ಆಮೇಲೆ ಕೆಲವು ತಿಂಗಳಿಗೊಮ್ಮೆ ಸೀಲೆಂಟ್, ಅದನ್ನ ನೀವೇ ಹಚ್ಚಬಹುದು. ದಿನಾ ಮೂರ್ನಾಡು ಮೇಲೆ ಮಡಿಕೇರಿಗೆ ಓಡಾಡ್ತೀರಾ, ಲಾರಿ ಹಿಂದೆ ಜಲ್ಲಿ ಹಾರುತ್ತಾ? ಇಡೀ ಕಾರಿಗೆ ಬೇಡ, ಮುಂದಿನ ಬಂಪರ್, ಬಾನೆಟ್, ಕನ್ನಡಿಗಳಿಗೆ ಮಾತ್ರ ಪಿಪಿಎಫ್ ಹಾಕಿಸಿ. ಸೆಕೆಂಡ್ ಹ್ಯಾಂಡ್ ಕಾರಾ? ಮತ್ತೆ ಬಣ್ಣ ಹೊಡೆಸಿದ ಭಾಗ ಯಾವುದು ನೋಡಿಕೊಳ್ಳಿ, ಫಿಲ್ಮ್ ಕೀಳುವಾಗ ಆ ಬಣ್ಣವೂ ಕಿತ್ತು ಬರಬಹುದು.

ಯಾವುದು ಹಾಕಿಸಿದ್ರೂ, ಹಾಕಿಸದಿದ್ರೂ ಇಷ್ಟು ಮಾಡಿ:
ಒಣ ಬಟ್ಟೆಯಲ್ಲಿ ಧೂಳು ಒರೆಸ್ಬೇಡಿ. ಹಳೇ ಬನಿಯನ್‌ನಿಂದ ಬೆಳಗ್ಗೆ ಒರೆಸ್ತಾರಲ್ಲ, ಬಿಸಿಲಲ್ಲಿ ಕಾಣೋ ಜೇಡರಬಲೆ ಥರದ ಗೀರು ಬರೋದು ಅದರಿಂದಲೇ.
ಮೊದಲು ಬರೀ ನೀರು ಹಾಯಿಸಿ, ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸೋ ನೀರು. ಪಾತ್ರೆ ಸೋಪು ಬೇಡ, ಅದು ವ್ಯಾಕ್ಸ್ ಕಿತ್ತು ಹಾಕುತ್ತೆ.
ಹಿಕ್ಕೆ ಕಂಡ ದಿನವೇ ಒದ್ದೆ ಬಟ್ಟೆ ಹತ್ತು ನಿಮಿಷ ಮೇಲಿಟ್ಟು ನೆನೆಸಿ ಎತ್ತಿ. ಉಜ್ಜಬೇಡಿ.
ಒದ್ದೆ ಕಾರಿಗೆ ಕವರ್ ಹಾಕ್ಬೇಡಿ.
ಮಳೆಗಾಲಕ್ಕೆ ಮೊದಲು ವೈಪರ್ ಕೆಳಗಿನ ಎಲೆ ತೆಗೆಯಿರಿ, ಬಾಗಿಲ ತಳದ ನೀರಿನ ತೂತು ಕಟ್ಟಿದೆಯಾ ನೋಡಿ. ಕೆಸರು ರಸ್ತೆಯಿಂದ ಬಂದ್ರೆ ಚಕ್ರದ ಒಳಗೆ, ಅಡಿಗೆ ನೀರು ಹೊಡೀರಿ.

ಬಕೆಟ್, ಶಾಂಪೂ, ಮೈಕ್ರೋಫೈಬರ್ ಬಟ್ಟೆ, ಸೀಲೆಂಟ್ ಸೇರಿ ನಮಗೆ ಸುಮಾರು 2,000 ಆಯ್ತು. ಅದನ್ನ ನನ್ನ ಉಳಿತಾಯದಿಂದ ತಂದೆ. 24,000 ವಾಪಸ್ ಕೊಡೋ ಶಕ್ತಿ ನನಗಿಲ್ಲ. ಕಕ್ಕಡದ ಮಳೆಯಲ್ಲೂ ಭಾನುವಾರ ಭಾನುವಾರ ಕಾರು ತೊಳೆದದ್ದು ನಾನೇ.

ಮೊನ್ನೆ ಚಿಕ್ಕಪ್ಪ ಹೊಸ ಕಾರು ಬುಕ್ ಮಾಡಿದ್ರು. ಅಪ್ಪ ನನ್ನ ಕಡೆ ಕೈ ತೋರಿಸಿ, "ಇವರನ್ನ ಕೇಳು, ಎಲ್ಲ ಓದಿದ್ದಾರೆ" ಅಂದ್ರು. ತಮಾಷೆಗೋ ನಿಜಕ್ಕೋ ಗೊತ್ತಾಗ್ಲಿಲ್ಲ. ನಾನು ಚಿಕ್ಕಪ್ಪನಿಗೆ ಕೇಳಿದೆ: "ಕಾರು ಎಲ್ಲಿ ನಿಲ್ಲಿಸ್ತೀರ, ಯಾವ ರಸ್ತೆಯಲ್ಲಿ ಓಡಿಸ್ತೀರ?" ಆಮೇಲೆ, "ಅಂಗಡಿಯವರ ವಾರಂಟಿ ಕಾರ್ಡ್ ಮೊದಲು ತಗೊಂಡು ಬನ್ನಿ, ಕೂತು ಇಬ್ರೂ ಓದೋಣ."

ಕಲೆ ಇನ್ನೂ ಇದೆ. ಪಾಲಿಶ್ ಮಾಡಿಸ್ಲಾ ಅಂತ ಕೇಳಿದ್ದಕ್ಕೆ ಅಪ್ಪ ಬೇಡ ಅಂದ್ರು.

ನಿಮ್ಮ ಮನೆಯಲ್ಲಿ ಕೋಟಿಂಗ್ ಹಾಕಿಸಿದ್ರೆ ಕಾರ್ಡ್ ತಿರುಗಿಸಿ ಓದಿ, ಏನೇನು ಬರೆದಿದೆ ಕಾಮೆಂಟಲ್ಲಿ ಹಾಕಿ. ನಾಳೆ ಹಾಕಿಸೋಕೆ ಹೊರಟಿರೋ ಫ್ರೆಂಡ್ ಇದ್ರೆ ಇದನ್ನ ಇವತ್ತೇ ಕಳಿಸಿ.

#ನಾಪೋಕ್ಲು #ಕೊಡಗು #ಕಾರುಬಣ್ಣ #ಬಿಕಾಂಲೆಕ್ಕ