ಚದರ ಸೆಂಟಿಮೀಟರಿನ ಲೆಕ್ಕ

ಜೂನ್ 3, 2024, ಸೋಮವಾರ

ಇವತ್ತು ಕ್ಯೂ ತುಂಬ ಸ್ಕಿನ್ ಗ್ರಾಫ್ಟ್‌ಗಳೇ. ಸರ್ಜರಿ ಅಮೆರಿಕದಲ್ಲಿ, ಅದರ ಬಿಲ್ಲಿನ ಕೋಡಿಂಗ್ ಬೆಂಗಳೂರಿನಲ್ಲಿ. ಒಂದು ಆಪರೇಟಿವ್ ನೋಟ್ ಅಚ್ಚುಕಟ್ಟಾಗಿತ್ತು: ತೊಡೆಯಿಂದ 80 ಚದರ ಸೆಂ.ಮೀ. ಚರ್ಮವನ್ನು ತೆಳ್ಳಗೆ ಎತ್ತಿ, ಬಲೆಯಂತೆ ಸೀಳುವ ಮೆಷರ್‌ನಲ್ಲಿ ಹಾಯಿಸಿ, ಒಂದೂವರೆ ಪಟ್ಟು ಹಿಗ್ಗಿಸಿ, ಮೊಣಕಾಲ ಕೆಳಗಿನ 120 ಚದರ ಸೆಂ.ಮೀ. ಗಾಯಕ್ಕೆ ಹಾಸಿದ್ದಾರೆ. ಹೊಸದಾಗಿ ಸೇರಿದ ಹುಡುಗಿ 80 ಹಿಡಿದು 15100 ಕೋಡ್ ಒಂದನ್ನೇ ಹಾಕಿದ್ದಳು. ಅಳೆಯಬೇಕಾದ್ದು ಚರ್ಮ ಕೂತ ಜಾಗವನ್ನು, ಕಿತ್ತ ಜಾಗವನ್ನಲ್ಲ. ಮೊದಲ ನೂರಕ್ಕೆ 15100, ಮಿಕ್ಕ ಇಪ್ಪತ್ತಕ್ಕೆ 15101. ಇನ್ನೊಂದು ನೂರು ತುಂಬಬೇಕೆಂದೇನಿಲ್ಲ, ಚೂರಿದ್ದರೂ ಸಾಕು.

"ಹಾಗಾದ್ರೆ ತೊಡೆ ಗಾಯಕ್ಕೆ ಏನೂ ಇಲ್ವಾ?" ಅಂದಳು. ಅಲ್ಲಿಗೂ ಗ್ರಾಫ್ಟೋ ಫ್ಲ್ಯಾಪೋ ಬೇಕಾದರೆ ಬೇರೆ ಕೋಡ್. ಬರೀ ಡ್ರೆಸಿಂಗ್ ಆದರೆ ಇಲ್ಲ. ಒಳ್ಳೆಯ ಪ್ರಶ್ನೆ. ಮೇಲ್ಪದರ ಹೋಗಿ ನರದ ತುದಿಗಳು ಬಯಲಾಗುವುದರಿಂದ ಆ ತೊಡೆಯೇ ಹೆಚ್ಚು ಉರಿಯುತ್ತದೆಂದು ಎಷ್ಟೋ ರೋಗಿಗಳು ಗೋಳಾಡುತ್ತಾರೆ. ಬಿಲ್ಲಿನಲ್ಲಿ ಆ ತೊಡೆಗೆ ಒಂದು ಸಾಲೂ ಇಲ್ಲ.

ಜೂನ್ 6, ಗುರುವಾರ

ಒಂದು ವರ್ಷದ ಮಗು. ಮೇಜಿನ ಮೇಲಿನ ಕಾಫಿ ಎಳೆದುಕೊಂಡಿದೆ. ಎದೆಯಲ್ಲಿ ಶೇ. 2, ಬಲ ಹಸ್ತದ ಮೇಲೆ ಅರ್ಧ. ಹತ್ತು ವರ್ಷದೊಳಗಿನವರಿಗೆ ಚದರ ಸೆಂಟಿಮೀಟರ್ ಇಲ್ಲ, ಮೈಯ ಶೇಕಡಾವಾರು ಲೆಕ್ಕ. ಈ ವಯಸ್ಸಿಗೆ ಶೇ. 1 ಅಂದರೆ ಸುಮಾರು 45 ಚದರ ಸೆಂ.ಮೀ. ಇಷ್ಟೇ ಅಗಲದ ಗಾಯ ದೊಡ್ಡವರ ಎದೆಯ ಮೇಲಿದ್ದಿದ್ದರೆ ಒಂದೇ ಕೋಡ್. ಈ ಮಗುವಿಗೆ 15100, 15101 ಎರಡೂ. ಪುಟ್ಟ ಮೈಮೇಲೆ ಕೆಲಸ ಕಷ್ಟ ಅನ್ನುವುದನ್ನು ನಿಯಮ ಮಾಡಿದವರು ಬಲ್ಲರು, ಇದೊಂದು ನನಗೆ ಮೆಚ್ಚುಗೆ. ಹಸ್ತವನ್ನು ಎದೆಯ ಜೊತೆ ಕೂಡಿಸುವಂತಿಲ್ಲ. ಅದು ಮುಖ, ಪಾದಗಳ ಗುಂಪಿಗೆ ಸೇರಿದ್ದು, 15120.

ಆಮೇಲೆ ಕಾರಣದ ಕೋಡ್. ಬಿಸಿ ಪಾನೀಯಕ್ಕೆಂದೇ ಎಕ್ಸ್10.0 ಇದೆ. ಅದನ್ನು ಟೈಪ್ ಮಾಡಿದ್ದೇ ನಮ್ಮ ಮನೆಯ ಫಿಲ್ಟರ್ ಕಾಫಿ ಇಡುವ ಜಾಗ ನೆನಪಾಯಿತು. ಫೋನ್ ಒಳಗೆ ಬಿಡುವುದಿಲ್ಲವಲ್ಲ, ಊಟಕ್ಕೆ ಹೊರಗೆ ಬಂದಮೇಲೆ ಮನೆಗೆ ಮಾಡಿ ಲೋಟವನ್ನು ಒಲೆಕಟ್ಟೆಯ ಒಳಗಡೆಗೆ ಸರಿಸಲು ಹೇಳಿದೆ. ಅಮ್ಮ ನಕ್ಕರು.

ಜೂನ್ 12, ಬುಧವಾರ

"ಗಾಯವನ್ನು ಸಿದ್ಧಪಡಿಸಿ ಗ್ರಾಫ್ಟ್ ಹಾಕಲಾಯಿತು." ಇಷ್ಟೇ ನೋಟ್. ಉದ್ದವಿಲ್ಲ, ಅಗಲವಿಲ್ಲ. ಸಿದ್ಧಪಡಿಸಿ ಅಂದರೆ ಏನು ಮಾಡಿದರು? ಸತ್ತ ಭಾಗವನ್ನು ಜೀವಂತ ಅಂಗಾಂಶ ಸಿಗುವವರೆಗೆ ಕೊಯ್ದು ತೆಗೆದಿದ್ದರೆ 15002. ತೊಳೆದು ಒರೆಸಿದ್ದರೆ ಅದಕ್ಕೆ ಕೋಡೇ ಇಲ್ಲ. ದಾಖಲೆಯಲ್ಲಿ ಇಲ್ಲದ್ದು ನಡೆದೇ ಇಲ್ಲ ಅನ್ನುವುದು ನಮ್ಮ ಮಂದಿಯ ಬಾಯಿಪಾಠ.

ಸರ್ಜನ್‌ಗೆ ಕ್ವೆರಿ ಕಳಿಸಿದೆ. ಅದರಲ್ಲೂ ಎಚ್ಚರ. "ನೂರಕ್ಕಿಂತ ಹೆಚ್ಚಿತ್ತೇ?" ಅಂತ ಕೇಳಿದರೆ ಉತ್ತರವನ್ನು ನಾವೇ ಬಾಯಿಗಿಟ್ಟಂತೆ. "ಗಾಯದ ಅಳತೆ ಮತ್ತು ಮಾಡಿದ ಪೂರ್ವಸಿದ್ಧತೆಯನ್ನು ದಯವಿಟ್ಟು ನಮೂದಿಸಿ" ಅಂತ ಬರೆದು ಬಿಟ್ಟೆ. ಟೀಮ್ ಲೀಡ್‌ಗೆ ಟಾರ್ಗೆಟ್‌ನ ಚಿಂತೆ.

ಜೂನ್ 14, ಶುಕ್ರವಾರ

ಎರಡನೇ ಸಲ ಥಿಯೇಟರಿಗೆ ಹೋದ ರೋಗಿ. 15100 ಆದಮೇಲೆ 90 ದಿನ ಗ್ಲೋಬಲ್ ಪೀರಿಯಡ್, ಆ ಅವಧಿಯ ಮಾಮೂಲಿ ಆರೈಕೆ ಮೊದಲ ಬಿಲ್ಲಿನಲ್ಲೇ ಸೇರಿದ್ದು. ಮೊದಲೇ ಯೋಜಿಸಿದ ಎರಡನೇ ಹಂತವಾದರೆ ಕೋಡಿಗೆ ಮಾಡಿಫೈಯರ್ 58, ಪೂರ್ತಿ ದುಡ್ಡು. ತೊಡಕಾಗಿ ದಿಢೀರನೆ ಹೋಗಿದ್ದರೆ 78, ಖೋತಾ. ಎರಡನೇ ಹಂತ ಇದೆಯೆಂದು ಮೊದಲ ನೋಟ್‌ನ ಕೊನೆಗೆ ಸರ್ಜನ್ ಒಂದು ಸಾಲು ಬರೆದಿದ್ದರು, ಅದು ಉಳಿಸಿತು.

ಜೂನ್ 18, ಮಂಗಳವಾರ

ಸತ್ತವರ ಚರ್ಮ ಹಾಕಿದ ಒಂದು ಕೇಸ್. ನಾವು ಬಳಸುವ ಸಿಪಿಟಿ ಕೋಡ್‌ಪಟ್ಟಿಯಲ್ಲಿ ಅದೂ ಕಾರ್ಖಾನೆಯ ಕೃತಕ ಚರ್ಮವೂ ಒಂದೇ ಸಾಲಿನಲ್ಲಿ, 15271ರಿಂದ 15278. ಹಣದ ಲೆಕ್ಕಕ್ಕೆ ಸರಿಯಿರಬಹುದು, ನನಗೇಕೋ ಒಪ್ಪುವುದಿಲ್ಲ. ನಮ್ಮ ವಿಕ್ಟೋರಿಯಾ ಆಸ್ಪತ್ರೆಯಲ್ಲೂ 2016ರಿಂದ ಸ್ಕಿನ್ ಬ್ಯಾಂಕ್ ಇದೆ. ಪ್ರಾಣ ಹೋದ ಆರು ಗಂಟೆಯೊಳಗೆ ಮನೆಯವರು ಒಪ್ಪಿಗೆ ಕೊಡಬೇಕು. ಅಳುತ್ತ ಕೂತವರು ಕೊಡುವ ಒಪ್ಪಿಗೆ ಅದು.

ಸಂಜೆ ಬುಧವಾರದ ಕ್ವೆರಿಗೆ ಉತ್ತರ ಬಂತು. 11 ಸೆಂ.ಮೀ. ಉದ್ದ, 9 ಅಗಲ. ಗುಣಿಸಿದರೆ 99. ಪೂರ್ವಸಿದ್ಧತೆಯ ಬಗ್ಗೆ ಚಕಾರವಿಲ್ಲ. 15002 ಬಿಟ್ಟು 15100 ಒಂದನ್ನೇ ಹಾಕಿ ಸಬ್ಮಿಟ್ ಒತ್ತಿದೆ. ಇನ್ನೂ 14 ಚಾರ್ಟ್ ಬಾಕಿ.